ಮನೇಲಿ ವಿಕಲಚೇತನರು ಇದ್ರೆ ರ‍್ಯಾಂಪು, ಬಚ್ಚಲು, ಬಾಗಿಲು ಸರಿ ಮಾಡ್ಸೋಕೆ ದುಡ್ಡು ಎಲ್ಲಿಂದ ಹೊಂದಿಸೋದು

ಅಪ್ಪಂಗೆ ಸ್ಟ್ರೋಕ್ ಆಗಿ ಒಂದು ಕಡೆ ಸ್ವಾಧೀನ ಇಲ್ಲ, ಅಥವಾ ತಮ್ಮ ಆಕ್ಸಿಡೆಂಟ್‌ನಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್ ಮೇಲೆ ಮನೆಗೆ ಬರ್ತಿದಾನೆ, ಅಥವಾ ಸೆರೆಬ್ರಲ್ ಪಾಲ್ಸಿ ಇರೋ ಮಗು ಈಗ ಬೆಳೆದು ದೊಡ್ಡದಾಗಿದೆ, ಎತ್ಕೊಂಡು ಬಚ್ಚಲಿಗೆ ಹೋಗೋಕೆ ಅಮ್ಮನ ಸೊಂಟ ತಡೀತಿಲ್ಲ. ಇಂಥ ಮನೆಯೋರೆಲ್ಲ ಕೇಳೋ ಪ್ರಶ್ನೆ ಒಂದೇ, ಮನೆ ಸರಿ ಮಾಡ್ಸೋಕೆ ಏನಾದ್ರೂ ಸಹಾಯ ಸಿಗತ್ತಾ ಅಂತ. ಸಿಗತ್ತೆ. ಆದ್ರೆ ಒಂದು ಅರ್ಜಿ ಹಾಕಿದ್ರೆ ರ‍್ಯಾಂಪಿಂದ ಹಿಡಿದು ಕಮೋಡ್ ತನಕ ಎಲ್ಲಾ ಬಂದುಬಿಡೋ ಅಂಥ ಸ್ಕೀಮ್ ಹುಡುಕ್ತಾ ಕೂರ್ಬೇಡಿ, ನಮ್ಮ ಕರ್ನಾಟಕದಲ್ಲಿ ಈ ದುಡ್ಡು ಬರೋದು ತುಂಡು ತುಂಡಾಗಿ. ಪಂಚಾಯಿತಿಯಿಂದ ಒಂದಿಷ್ಟು, ಸಾಧನ ಸಲಕರಣೆ ಆದ್ರೆ ವಿಕಲಚೇತನರ ಇಲಾಖೆಯಿಂದ, ಇನ್ಶೂರೆನ್ಸ್ ಇದ್ರೆ ಅಲ್ಲಿಂದ, ಕೆಲಸದಲ್ಲಿರೋರು ಪಿಎಫ್‌ನಿಂದ. ಹಾಗಾಗಿ ಮಾಡ್ಬೇಕಾದ ಕೆಲಸಾನೂ ಮೊದಲು ತುಂಡು ಮಾಡ್ಕೊಂಡು ಯಾವ ತುಂಡಿಗೆ ಯಾರ ಹತ್ರ ಕೇಳ್ಬೇಕು ಅಂತ ಹೊಂದಿಸ್ಕೊಂಡ್ರೆ ಅರ್ಧ ಕೆಲಸ ಮುಗಿದ ಹಾಗೆ. ಎಲ್ಲಾನೂ ಒಂದೇ ಅರ್ಜೀಲಿ ಬರೆದು "ಮನೆ ರಿಪೇರಿಗೆ ಸಹಾಯಧನ ಕೊಡಿ" ಅಂದ್ರೆ ಅದು ಯಾವ ಯೋಜನೆಗೂ ಹೊಂದಲ್ಲ, ಟೇಬಲ್ಲಿಂದ ಟೇಬಲ್ಲಿಗೆ ಓಡಾಡ್ತಾ ಇರತ್ತೆ ಅಷ್ಟೇ.

ಯುಡಿಐಡಿ ಕಾರ್ಡ್ ಮೊದಲು

ಯುಡಿಐಡಿ ಅಂದ್ರೆ ವಿಕಲಚೇತನರಿಗೆ ಕೇಂದ್ರ ಸರ್ಕಾರ ಕೊಡೋ ಗುರುತಿನ ಕಾರ್ಡ್, ಇದಿಲ್ದೆ ಮುಂದೆ ಹೋಗೋ ಹಾಗೇ ಇಲ್ಲ. 2021ರ ಜೂನ್ 1ರಿಂದ ಅಂಗವಿಕಲತೆ ಸರ್ಟಿಫಿಕೇಟ್ ಕೊಡೋದೇ ಯುಡಿಐಡಿ ಪೋರ್ಟಲ್ ಮೂಲಕ. ಸ್ವಾವಲಂಬನ್ ಕಾರ್ಡ್ ವೆಬ್‌ಸೈಟ್‌ನಲ್ಲಿ ನೀವೇ ಅರ್ಜಿ ಹಾಕ್ಬೋದು, ಆಗ್ಲಿಲ್ಲ ಅಂದ್ರೆ ಗ್ರಾಮ ಒನ್ ಸೆಂಟರ್ ಅಥವಾ ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯು ಹತ್ರ ಹೋಗಿ. ವಿಆರ್‌ಡಬ್ಲ್ಯು ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಂಚಾಯಿತಿ ಮಟ್ಟದಲ್ಲಿ ಇರ್ತಾರೆ, ಸಾಮಾನ್ಯವಾಗಿ ಅವರೂ ವಿಕಲಚೇತನರೇ ಆಗಿರ್ತಾರೆ, ಇದೇ ಕೆಲಸಕ್ಕೆ ತಾಲೂಕಲ್ಲಿ ಎಂಆರ್‌ಡಬ್ಲ್ಯು, ಪಟ್ಟಣದಲ್ಲಿ ಯುಆರ್‌ಡಬ್ಲ್ಯು. ಈ ಮೂರರಲ್ಲಿ ನಿಮ್ಮ ಊರಿನೋರ ಫೋನ್ ನಂಬರ್ ಇವತ್ತೇ ಇಸ್ಕೊಳ್ಳಿ, ಯಾಕಂದ್ರೆ ಯಾವ ಕ್ಯಾಂಪ್ ಯಾವಾಗ, ಯಾವ ಅರ್ಜಿ ಕರೆದಿದಾರೆ ಅನ್ನೋದು ಮೊದಲು ಗೊತ್ತಾಗೋದು ಇವರಿಗೆ. ಗೌರವಧನ ಕಮ್ಮಿ, ಓಡಾಟ ಜಾಸ್ತಿ, ಆದ್ರೂ ಊರಲ್ಲಿ ನಮ್ಮ ಪರವಾಗಿ ಆಫೀಸಿನ ಒಳಗೆ ಮಾತಾಡೋರು ಇವರೇ, ಅದಕ್ಕೆ ಇವರನ್ನ ಮರ್ಯಾದೆಯಿಂದ ನೋಡಿ ಅಂತ ನನ್ನ ಕಳಕಳಿಯ ಮಾತು.

ಕಾರ್ಡ್ ಬಣ್ಣಾನೂ ನೋಡ್ಕೊಳ್ಳಿ. ಅಂಗವಿಕಲತೆ ಶೇ. 40ಕ್ಕಿಂತ ಕಮ್ಮಿ ಇದ್ರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತೆ ಅದಕ್ಕಿಂತ ಮೇಲೆ ನೀಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಹೆಚ್ಚಿನ ಸೌಲಭ್ಯ ಶುರು ಆಗೋದು ಶೇ. 40ರಿಂದ. ಸ್ಟ್ರೋಕ್ ಆದೋರಿಗೆ ತಕ್ಷಣ ಸರ್ಟಿಫಿಕೇಟ್ ಕೊಡಲ್ಲ, ಟ್ರೀಟ್‌ಮೆಂಟ್ ಮುಗಿದು ಸ್ಥಿತಿ ಒಂದು ಹಂತಕ್ಕೆ ನಿಂತ ಮೇಲೇ ಅಸೆಸ್ ಮಾಡ್ತಾರೆ, ಆದ್ರೆ ಡಿಸ್ಚಾರ್ಜ್ ಸಮ್ಮರಿ, ಎಂಆರ್‌ಐ, ಫಿಸಿಯೋಥೆರಪಿ ಚೀಟಿ ಎಲ್ಲಾ ಮೊದಲ ದಿನದಿಂದಾನೇ ಒಂದು ಫೈಲ್‌ನಲ್ಲಿ ಹಾಕ್ತಾ ಹೋಗಿ.

ಏನೇನು ಬೇಕು ಅಂತ ಅಳತೆ ಮಾಡೋದು

ದುಡ್ಡು ಕೇಳೋಕೆ ಮುಂಚೆ ಏನಕ್ಕೆ ಅಂತ ಗೊತ್ತಿರ್ಬೇಕು, ಇಲ್ಲಿ ಮೇಸ್ತ್ರಿ ಮಾತಿಗಿಂತ ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ತಾವೇ ಮಾಡ್ಕೊಳ್ಳೋದನ್ನ ಕಲಿಸೋರು) ಮಾತು ಮುಖ್ಯ. ಬೆಂಗಳೂರಲ್ಲಿ ಇರೋರಿಗೆ ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ), ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ ಇಂಥ ಸಂಸ್ಥೆಗಳು ದಶಕಗಳಿಂದ ಇದೇ ಕ್ಷೇತ್ರದಲ್ಲಿ ಕೆಲಸ ಮಾಡ್ತಿವೆ, ಎಪಿಡಿ ಅಂತೂ 1959ರಿಂದ ಇದೆ. ಊರ ಕಡೆ ಇರೋರು ಜಿಲ್ಲಾಸ್ಪತ್ರೆ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಿ. ಅವರ ಹತ್ರ ಒಂದು ಪೇಜ್ ಲೆಟರ್ ಬರೆಸ್ಕೊಳ್ಳಿ, ಇವರಿಗೆ ಇಂಥ ತೊಂದರೆ ಇದೆ, ಮನೇಲಿ ಓಡಾಡೋಕೆ ರ‍್ಯಾಂಪು, ಅಗಲದ ಬಾಗಿಲು, ಹಿಡ್ಕೊಳ್ಳೋ ರಾಡು, ಕಮೋಡ್ ಅಗತ್ಯ ಅಂತ. ಈ ಒಂದು ಲೆಟರ್ ಫೈಲಲ್ಲಿ ಇದ್ರೆ "ಮನೆ ಚಂದ ಮಾಡ್ಸೋಕೆ ಕೇಳ್ತಿದಾರೆ" ಅನ್ನೋ ಮಾತು ಯಾರ ಬಾಯಲ್ಲೂ ಬರಲ್ಲ.

ರ‍್ಯಾಂಪಿನ ಲೆಕ್ಕ ನೆನಪಿಟ್ಕೊಳ್ಳಿ, 1ಕ್ಕೆ 12. ಅಂದ್ರೆ ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ನಿಮ್ಮ ಜಗಲಿ ಒಂದೂವರೆ ಅಡಿ ಎತ್ತರ ಇದ್ರೆ 18 ಇಂಚು, ಅಂದ್ರೆ 18 ಅಡಿ ಉದ್ದದ ರ‍್ಯಾಂಪ್ ಬೇಕು. ನಮ್ಮ ಕಡೆ ಎಷ್ಟೋ ಮನೆ ಮುಂದೆ ಅಷ್ಟು ಜಾಗ ಇರಲ್ಲ, ಅದಕ್ಕೆ ಮೇಸ್ತ್ರಿಗಳು ಐದಾರು ಅಡೀಲೇ ಇಳಿಸಿ ಕೊಟ್ಬಿಡ್ತಾರೆ, ಅದು ಸ್ಕೂಟರ್ ಹತ್ಸೋಕೆ ಸರಿ, ವೀಲ್‌ಚೇರಿಗೆ ಅಪಾಯ, ಹಿಂದೆ ತಳ್ಳೋರು ಹೆಂಗಸರೋ ವಯಸ್ಸಾದೋರೋ ಆಗಿದ್ರೆ ಇನ್ನೂ ಅಪಾಯ. ಜಾಗ ಇಲ್ಲ ಅಂದ್ರೆ ಗೋಡೆ ಪಕ್ಕದಲ್ಲಿ ತಿರುಗಿಸಿ ಎರಡು ಭಾಗ ಮಾಡ್ಬೋದು, ತಿರುಗೋ ಕಡೆ ಸಮತಟ್ಟು ಸುಮಾರು ಐದಡಿ ಬಿಡ್ಬೇಕು. ಅದೂ ಆಗದೆ ಇದ್ರೆ ಹಿಂದಿನ ಬಾಗಿಲು ನೋಡಿ, ಹಿತ್ತಲ ಕಡೆ ನೆಲ ಎಷ್ಟೋ ಸಲ ಎತ್ತರ ಇರತ್ತೆ, ಅಲ್ಲಿ ಕಮ್ಮಿ ರ‍್ಯಾಂಪಲ್ಲೇ ಮುಗೀತದೆ.

ಬಾಗಿಲಿಗೆ 900 ಮಿಲಿಮೀಟರ್, ಅಂದ್ರೆ ಮೂರಡಿ, ಇದು ಸರ್ಕಾರದ ಮಾನದಂಡ. ನಮ್ಮ ಮನೆಗಳಲ್ಲಿ ಬಚ್ಚಲು ಬಾಗಿಲು ಎರಡೂವರೆ ಅಡಿ, ಅದಕ್ಕಿಂತ ಕಮ್ಮೀನೂ ಇರತ್ತೆ, ಚೌಕಟ್ಟು ಬಿಟ್ಟು ಒಳಗಿನ ಜಾಗ ಅಳೀರಿ, ಆಮೇಲೆ ನಿಮ್ಮ ವೀಲ್‌ಚೇರಿನ ಅಗಲ ಚಕ್ರದ ಹೊರಗಿನ ರಿಂಗ್ ಸೇರಿಸಿ ಅಳೀರಿ. ಎಷ್ಟೋ ಕಡೆ ಗೋಡೆ ಒಡೀದೇನೇ ಬಾಗಿಲು ತೆಗೆದು ಕರ್ಟನ್ ಅಥವಾ ಸ್ಲೈಡಿಂಗ್ ಡೋರ್ ಹಾಕಿದ್ರೆ ಸಾಕಾಗತ್ತೆ. ಬಚ್ಚಲಿನ ಹೊಸ್ತಿಲು ತೆಗೆಸಿ ನೆಲ ಸಮ ಮಾಡ್ಸಿ, ನೀರು ಆಚೆ ಬರದ ಹಾಗೆ ಇಳಿಜಾರು ಒಳಗಡೆಗೆ ಕೊಡ್ಸಿ. ಟೈಲ್ಸ್ ಜಾರದೆ ಇರೋದು. ರಾಡನ್ನ ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಗೆ ಆಂಕರ್ ಬೋಲ್ಟ್ ಹಾಕಿ ಬಿಗಿಸ್ಬೇಕು, ಟವೆಲ್ ಹಾಕೋ ರಾಡ್‌ನ ಹಿಡ್ಕೊಂಡು ಎದ್ದೇಳೋಕೆ ಹೋಗಿ ಬಿದ್ದೋರು ತುಂಬಾ ಜನ. ಕಣ್ಣು ಕಾಣದೋರ ಮನೇಲಿ ಖರ್ಚು ಇನ್ನೂ ಕಮ್ಮಿ, ಮೆಟ್ಟಿಲ ಅಂಚಿಗೆ ಕಡು ಬಣ್ಣದ ಪಟ್ಟಿ, ಕೈಹಿಡಿ ರೇಲಿಂಗ್, ಒಳ್ಳೆ ಬೆಳಕು. ಕಿವಿ ಕೇಳದೋರಿಗೆ ಲೈಟ್ ಮಿನುಗೋ ಕಾಲಿಂಗ್ ಬೆಲ್.

ಈಗ ಈ ಪಟ್ಟೀನ ಮೂರು ಭಾಗ ಮಾಡಿ: ಗೇಟಿನಿಂದ ಆಚೆ ಇರೋದು, ಮನೆ ಕಟ್ಟಡದ ಕೆಲಸ, ಆಮೇಲೆ ಎತ್ಕೊಂಡು ಹೋಗಬಹುದಾದ ಸಾಮಾನು. ದುಡ್ಡಿನ ದಾರಿ ಮೂರಕ್ಕೂ ಬೇರೆ ಬೇರೆ.

ಗೇಟಿನಿಂದ ಆಚೆ ಇರೋದು ನಿಮ್ಮ ಖರ್ಚಲ್ಲ

ಇದನ್ನ ತುಂಬಾ ಜನ ಯೋಚನೇನೇ ಮಾಡಲ್ಲ. ಮನೆ ಮುಂದೆ ಚರಂಡಿ ಮೇಲೆ ಚಪ್ಪಡಿ ಇಲ್ಲ, ಓಣೀಲಿ ಕಲ್ಲು ಎದ್ದಿದೆ, ರಸ್ತೆ ಮನೆಗಿಂತ ಎತ್ತರ ಆಗಿದೆ, ಇದೆಲ್ಲ ಸಾರ್ವಜನಿಕ ಜಾಗ, ಅದನ್ನ ಸರಿ ಮಾಡೋದು ಪಂಚಾಯಿತಿ ಅಥವಾ ಪುರಸಭೆ ಕೆಲಸ. ನಿಮ್ಮ ಜೇಬಿಂದ ಹಾಕ್ಬೇಡಿ. ವಾರ್ಡ್ ಸದಸ್ಯರಿಗೆ ಹೇಳಿ, ಜೊತೆಗೆ ಬರವಣಿಗೇಲೂ ಕೊಡಿ, ಇಂಥ ಮನೆಯಿಂದ ಮುಖ್ಯ ರಸ್ತೆ ತನಕ ವೀಲ್‌ಚೇರ್ ಹೋಗೋ ಹಾಗೆ ಕಾಂಕ್ರೀಟ್ ದಾರಿ, ಚರಂಡಿಗೆ ಚಪ್ಪಡಿ ಬೇಕು ಅಂತ. ಒಬ್ಬರಿಗೋಸ್ಕರ ರಸ್ತೆ ಮಾಡಕ್ಕಾಗಲ್ಲ ಅಂದ್ರೆ ಅದೇ ಓಣೀಲಿ ಇರೋ ವಯಸ್ಸಾದೋರು, ಬಸುರಿ ಹೆಂಗಸರು, ಶಾಲೆ ಮಕ್ಕಳು ಎಲ್ಲಾ ಓಡಾಡೋದು ಅಲ್ಲೇ ತಾನೆ, ನೆರೆಹೊರೆಯೋರ ಸಹಿ ಹಾಕ್ಸಿ ಕೊಡಿ. ಬೆಂಗಳೂರಲ್ಲಿ ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಆಗಿದೆ, ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಬಂತು ನೋಡ್ಕೊಂಡು ವಾರ್ಡ್ ಇಂಜಿನಿಯರ್ ಆಫೀಸಿಗೆ ಕೊಡಿ.

ಶೇ. 5ರ ಹಣ

ಮನೆ ಒಳಗಿನ ಕಟ್ಟಡದ ಕೆಲಸಕ್ಕೆ ಮೊದಲು ತಟ್ಟಬೇಕಾದ ಬಾಗಿಲು ಇದು. ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಪಾಲಿಕೆ ಎಲ್ಲಾನೂ ತಮ್ಮ ಹಣದಲ್ಲಿ ಶೇ. 5ರಷ್ಟನ್ನ ವಿಕಲಚೇತನರ ಕಲ್ಯಾಣಕ್ಕೆ ತೆಗೆದಿಡ್ಬೇಕು, ಮೊದಲು ಶೇ. 3 ಇತ್ತು ಆಮೇಲೆ ಐದಾಯ್ತು. ಈ ಹಣ ಎಷ್ಟೋ ಕಡೆ ವರ್ಷದ ಕೊನೇಲಿ ಒಂದಿಷ್ಟು ಜನಕ್ಕೆ ಒಂದೇ ತರದ ಸಾಮಾನು ಹಂಚಿ ಖಾಲಿ ಮಾಡ್ತಾರೆ, ಕಾಲಿಲ್ಲದೋರಿಗೂ ಅದೇ ಕಣ್ಣಿಲ್ಲದೋರಿಗೂ ಅದೇ. ಯಾಕೆ ಹಾಗಾಗತ್ತೆ ಅಂದ್ರೆ ಯಾರೂ ನಂಗೆ ಇಂಥದ್ದೇ ಬೇಕು ಅಂತ ಎಸ್ಟಿಮೇಟ್ ಸಮೇತ ಕೇಳಿರಲ್ಲ. ನೀವು ಕೇಳಿ.

ಟೈಮಿಂಗ್ ಇಲ್ಲಿ ತುಂಬಾ ಮುಖ್ಯ. ಪಂಚಾಯಿತಿ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್, ಮುಂದಿನ ವರ್ಷದ ಕ್ರಿಯಾ ಯೋಜನೆ (ಯಾವ ಕೆಲಸಕ್ಕೆ ಎಷ್ಟು ಹಣ ಅನ್ನೋ ಪಟ್ಟಿ) ಆಗೋಕೆ ಮುಂಚೆ ನಿಮ್ಮ ಅರ್ಜಿ ಒಳಗೆ ಇರ್ಬೇಕು, ಹಾಗಾಗಿ ಡಿಸೆಂಬರ್ ಜನವರಿ ಹೊತ್ತಿಗೆ ಕೊಟ್ಬಿಡಿ. ಕ್ರಿಯಾ ಯೋಜನೆ ಅನುಮೋದನೆ ಆದ ಮೇಲೆ ಹೋದ್ರೆ "ಈ ವರ್ಷ ಆಗೋಯ್ತು" ಅಂತಾರೆ, ಅದು ಸುಳ್ಳೂ ಅಲ್ಲ. ವಿಕಲಚೇತನರಿಗೆ ಅಂತಾನೇ ಸಮನ್ವಯ ಗ್ರಾಮಸಭೆ ಕರೀತಾರೆ, ಆ ದಿನ ವಿಕಲಚೇತನರನ್ನೇ ಕರ್ಕೊಂಡು ಹೋಗಿ, ಎದ್ದು ಮಾತಾಡಿ, ನಡಾವಳಿ ಪುಸ್ತಕದಲ್ಲಿ ನಿಮ್ಮ ಬೇಡಿಕೆ ಬರೆದ್ರಾ ಅಂತ ಅಲ್ಲೇ ನೋಡಿ. ಬಾಯಲ್ಲಿ ಹೇಳಿದ್ದು ಗಾಳೀಲಿ ಹೋಗತ್ತೆ, ನಡಾವಳೀಲಿ ಬಂದಿದ್ದು ಆಡಿಟ್ ತನಕ ಇರತ್ತೆ.

ಅರ್ಜಿ ಹೀಗಿದ್ರೆ ಸಾಕು, ಉದ್ದ ಬೇಡ:

"ಇವರಿಗೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಇಂಥ ಗ್ರಾಮ ಪಂಚಾಯಿತಿ. ವಿಷಯ: ವಿಕಲಚೇತನರಿಗೆ ಮೀಸಲಾದ ಶೇ. 5ರ ಅನುದಾನದಲ್ಲಿ ನಮ್ಮ ಮನೆಗೆ ರ‍್ಯಾಂಪ್ ಮತ್ತು ವೀಲ್‌ಚೇರ್ ಬಳಸಬಹುದಾದ ಶೌಚಾಲಯ ಮಾಡಿಸಿಕೊಡುವ ಬಗ್ಗೆ. ಮಾನ್ಯರೇ, ನನ್ನ ಮಗನಿಗೆ ಶೇ. 85ರಷ್ಟು ಅಂಗವಿಕಲತೆ ಇದ್ದು ವೀಲ್‌ಚೇರ್ ಮೇಲೆಯೇ ಓಡಾಡಬೇಕಾಗಿದೆ. ಶೌಚಾಲಯಕ್ಕೆ ಎರಡು ಮೆಟ್ಟಿಲಿದ್ದು ಪ್ರತಿದಿನ ಎತ್ತಿಕೊಂಡು ಹೋಗಬೇಕಾಗಿದೆ. ಥೆರಪಿಸ್ಟ್ ಅವರ ಶಿಫಾರಸು ಪತ್ರ, ಫೋಟೊ ಮತ್ತು ಅಂದಾಜು ಪಟ್ಟಿ ಲಗತ್ತಿಸಿದ್ದೇನೆ. ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ಸೇರಿಸಿ ಮಂಜೂರು ಮಾಡಬೇಕಾಗಿ ಕೋರುತ್ತೇನೆ."

ಇದರ ಜೊತೆ ಯುಡಿಐಡಿ, ಆಧಾರ್, ರೇಷನ್ ಕಾರ್ಡ್, ನಾಡಕಚೇರಿಯಿಂದ ತಗೊಂಡ ಆದಾಯ ಪ್ರಮಾಣ ಪತ್ರ, ಮನೆ ಇ-ಸ್ವತ್ತು ಅಥವಾ ಖಾತೆ, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್. ಅಂದಾಜು ಪಟ್ಟಿ ನಿಮ್ಮೂರ ಮೇಸ್ತ್ರಿ ಅಥವಾ ಕಂಟ್ರಾಕ್ಟರ್ ಹತ್ರ ಬರೆಸಿ, ಸಿಮೆಂಟ್ ಇಷ್ಟು, ಜಲ್ಲಿ ಇಷ್ಟು, ಕೂಲಿ ಇಷ್ಟು ಅಂತ ಬಿಡಿಸಿ ಇರ್ಲಿ, ಪಂಚಾಯಿತಿ ಒಪ್ಪಿದ್ರೆ ಆಮೇಲೆ ಅವರ ಜೆಇ (ಜೂನಿಯರ್ ಇಂಜಿನಿಯರ್) ಬಂದು ಸರ್ಕಾರಿ ದರದಲ್ಲಿ ಇನ್ನೊಂದು ಎಸ್ಟಿಮೇಟ್ ಮಾಡ್ತಾರೆ, ಅದು ನಿಮ್ಮದಕ್ಕಿಂತ ಕಮ್ಮಿ ಬರೋದು ಮಾಮೂಲು. ಅರ್ಜಿ ಎರಡು ಕಾಪಿ ತಗೊಂಡು ಹೋಗಿ ಒಂದರ ಮೇಲೆ ಸೀಲು, ತಾರೀಖು, ಸ್ವೀಕೃತಿ ಹಾಕ್ಸಿ ವಾಪಸ್ ತಗೊಳ್ಳಿ. ಸೀಲ್ ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ಳಿ.

ಒಂದು ವಾಸ್ತವ ಮಾತು ಹೇಳ್ಬೇಕು. ಸಣ್ಣ ಪಂಚಾಯಿತಿಗೆ ವರ್ಷಕ್ಕೆ ತೆರಿಗೆ 10 ಲಕ್ಷ ಬಂದ್ರೆ ಶೇ. 5 ಅಂದ್ರೆ 50,000 ರೂಪಾಯಿ, ಅಷ್ಟರಲ್ಲಿ ಇಡೀ ಪಂಚಾಯಿತಿಯ ಎಲ್ಲಾ ವಿಕಲಚೇತನರಿಗೂ ಆಗ್ಬೇಕು. ಹಾಗಾಗಿ ಇಡೀ ಬಚ್ಚಲು ಕೇಳೋದಕ್ಕಿಂತ "ರ‍್ಯಾಂಪು ಮತ್ತೆ ರಾಡು ಇದರಲ್ಲಿ, ಶೌಚಾಲಯ ಬೇರೆ ಯೋಜನೇಲಿ" ಅಂತ ಭಾಗ ಮಾಡಿ ಕೇಳಿದ್ರೆ ಆಗೋ ಸಾಧ್ಯತೆ ಜಾಸ್ತಿ. ಪಿಡಿಒ ಮುಂದೆ ಕೂತು "ಸಾರ್, ಪೂರ್ತಿ ಆಗ್ದಿದ್ರೂ ಪರ್ವಾಗಿಲ್ಲ, ಈ ವರ್ಷ ರ‍್ಯಾಂಪ್ ಆಗ್ಲಿ, ಬಚ್ಚಲು ಮುಂದಿನ ವರ್ಷಕ್ಕೆ ಬರ್ಕೊಳ್ಳಿ" ಅಂತ ಕೇಳಿ ನೋಡಿ. ನಗರಸಭೆ ಪಾಲಿಕೆಗಳಲ್ಲಿ ಹಣ ಜಾಸ್ತಿ ಇರತ್ತೆ, ಆದ್ರೆ ಅರ್ಜಿ ಕರೆಯೋದು ವರ್ಷದಲ್ಲಿ ಒಂದು ಸಲ, ಕೊನೇ ದಿನಾಂಕ ತಪ್ಪಿದ್ರೆ ಮತ್ತೆ ವರ್ಷ ಕಾಯ್ಬೇಕು.

ಇನ್ನೊಂದು ಎಚ್ಚರಿಕೆ, ಮಂಜೂರಾತಿ ಆದೇಶ ಕೈಗೆ ಬರೋ ಮುಂಚೆ ಆ ಕೆಲಸ ಶುರು ಮಾಡ್ಬೇಡಿ. ಮಾಡಿ ಮುಗಿಸಿ ಆಮೇಲೆ ಬಿಲ್ ಕೊಡಿ ಅಂದ್ರೆ ಸರ್ಕಾರಿ ಲೆಕ್ಕದಲ್ಲಿ ಅದಕ್ಕೆ ದಾರಿ ಇಲ್ಲ. ತೀರಾ ತಡೆಯೋಕಾಗದೆ ಇದ್ರೆ ರಾಡು, ಕಮೋಡ್ ಚೇರ್ ಇಂಥ ಸಣ್ಣದನ್ನ ಸ್ವಂತ ದುಡ್ಡಲ್ಲಿ ಮಾಡ್ಕೊಳ್ಳಿ, ದೊಡ್ಡ ಕೆಲಸ ಹಿಡಿದಿಟ್ಕೊಳ್ಳಿ.

ಮನೇನೇ ಇಲ್ಲ, ಅಥವಾ ಮಣ್ಣಿನ ಮನೆ ಅನ್ನೋರಿಗೆ

ಆಗ ಮಾರ್ಪಾಡಿಗಿಂತ ಹೊಸ ಮನೆ ಯೋಜನೆ ವಾಸಿ. 2016ರ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ವಸತಿ ಯೋಜನೆಗಳಲ್ಲಿ ಶೇ. 40 ಮತ್ತೆ ಅದಕ್ಕಿಂತ ಜಾಸ್ತಿ ಅಂಗವಿಕಲತೆ ಇರೋರಿಗೆ ಶೇ. 5 ಮೀಸಲಾತಿ, ಅದರಲ್ಲೂ ಹೆಣ್ಣುಮಕ್ಕಳಿಗೆ ಆದ್ಯತೆ. ರಾಜ್ಯದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ ಇದೆ, ವಿಶೇಷ ವರ್ಗದೋರಿಗೆ ಅಂತ ದೇವರಾಜ ಅರಸು ವಸತಿ ಯೋಜನೆ ಇದೆ, ಈ ವಿಶೇಷ ವರ್ಗದಲ್ಲಿ ವಿಕಲಚೇತನರು ಬರ್ತಾರೆ. ಕೇಂದ್ರದ ಪಿಎಂ ಆವಾಸ್ ಗ್ರಾಮೀಣದಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ. ಹಣ ಒಂದೇ ಸಲ ಬರಲ್ಲ, ತಳಪಾಯ, ಗೋಡೆ, ಛಾವಣಿ ಹೀಗೆ ಹಂತ ಹಂತಕ್ಕೆ ಜಿಪಿಎಸ್ ಫೋಟೊ ತೆಗೆದ ಮೇಲೆ ಖಾತೆಗೆ ಬೀಳತ್ತೆ.

ಇಲ್ಲಿ ಒಂದೇ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ತಳಪಾಯ ಹಾಕೋ ದಿನಾನೇ ಮೇಸ್ತ್ರಿಗೆ ಹೇಳಿ, ಬಾಗಿಲು ಮೂರಡಿ, ಬಚ್ಚಲಿಗೆ ಹೊಸ್ತಿಲು ಬೇಡ, ಮುಂದೆ ರ‍್ಯಾಂಪಿಗೆ ಜಾಗ ಬಿಡಿ. ಕಟ್ಟುವಾಗ ಇದಕ್ಕೆ ಹೆಚ್ಚು ಖರ್ಚು ಆಗೋದೇ ಇಲ್ಲ, ಕಟ್ಟಿದ ಮೇಲೆ ಒಡೆದು ಮಾಡೋಕೆ ಸಾವಿರಾರು ಆಗತ್ತೆ. ಸರ್ಕಾರಿ ದುಡ್ಡಲ್ಲಿ ವಿಕಲಚೇತನರ ಹೆಸರಲ್ಲೇ ಮಂಜೂರಾದ ಮನೆ, ಅದೇ ವಿಕಲಚೇತನರು ಒಳಗೆ ಹೋಗೋಕೆ ನಾಲ್ಕು ಮೆಟ್ಟಿಲು, ಇದು ನೋಡಿದಾಗೆಲ್ಲ ಹೊಟ್ಟೆ ಉರಿಯತ್ತೆ.

ಶೌಚಾಲಯ ಇಲ್ಲದ ಹಳ್ಳಿ ಮನೆಗೆ ಸ್ವಚ್ಛ ಭಾರತ್ ಗ್ರಾಮೀಣದ 12,000 ರೂಪಾಯಿ ಪ್ರೋತ್ಸಾಹಧನ ಇದೆ, ಬಿಪಿಎಲ್ ಅಲ್ಲದಿದ್ರೂ ವಿಕಲಚೇತನರ ಕುಟುಂಬ ಅರ್ಹರ ಪಟ್ಟೀಲಿ ಬರತ್ತೆ, ಆದ್ರೆ ಆ ಮನೆ ಹೆಸರಲ್ಲಿ ಹಿಂದೆ ತಗೊಂಡಿದ್ರೆ ಮತ್ತೆ ಸಿಗಲ್ಲ. ವಿಕಲಚೇತನರ ಮನೆ ಶೌಚಾಲಯ ಹೇಗಿರ್ಬೇಕು ಅಂತ ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯ 2015ರಲ್ಲೇ ಮಾರ್ಗಸೂಚಿ ತಂದಿದೆ, ಹಾಗಾಗಿ "ಸ್ಟ್ಯಾಂಡರ್ಡ್ ಡಿಸೈನೇ ಕಟ್ಬೇಕು" ಅಂತ ಯಾರಾದ್ರೂ ಅಂದ್ರೆ ಆ ಮಾರ್ಗಸೂಚಿ ಹೆಸರು ಹೇಳಿ.

ಸಾಮಾನು

ಕೇಂದ್ರ ಸರ್ಕಾರದ ಎಡಿಐಪಿ ಅನ್ನೋ ಸಲಕರಣೆ ಯೋಜನೇಲಿ ವೀಲ್‌ಚೇರ್, ತ್ರಿಚಕ್ರ, ವಾಕರ್, ಊರುಗೋಲು ಇವೆಲ್ಲ ಸಿಗತ್ತೆ, ತಿಂಗಳ ಆದಾಯ 22,500 ಒಳಗಿದ್ರೆ ಪೂರ್ತಿ ಉಚಿತ, 30,000 ತನಕ ಅರ್ಧ. ಈ ಸಲಕರಣೆ ತಯಾರಿಸೋ ಸರ್ಕಾರಿ ಸಂಸ್ಥೆ ಅಲಿಮ್ಕೋದೋರು ಕ್ಯಾಂಪ್ ಮಾಡಿ ಅಳತೆ ತಗೋತಾರೆ, ಸಾಮಾನು ಕೈಗೆ ಸಿಗೋದು ಅದಾಗಿ ತಿಂಗಳುಗಳ ಮೇಲೆ. 60 ದಾಟಿದೋರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆ ಬೇರೆ ಇದೆ. ಅಳತೆ ಕೊಡೋವಾಗ ನಿಮ್ಮ ಬಚ್ಚಲು ಬಾಗಿಲಿನ ಅಗಲ ಹೇಳಿ, ಅದಕ್ಕೆ ಹೊಂದದ ವೀಲ್‌ಚೇರ್ ತಂದು ವರಾಂಡದಲ್ಲಿ ನಿಲ್ಸೋದಕ್ಕಿಂತ ಕಾದು ಸರಿಯಾದ್ದು ತಗೊಳ್ಳೋದು ವಾಸಿ. ಕಮೋಡ್ ವೀಲ್‌ಚೇರ್ ಸಿಕ್ರೆ ಎಷ್ಟೋ ಮನೇಲಿ ಬಚ್ಚಲು ಒಡೆಯೋ ಪ್ರಮೇಯಾನೇ ಬರಲ್ಲ, ಅದಕ್ಕೆ ಕಟ್ಟಡದ ಎಸ್ಟಿಮೇಟ್ ಮಾಡ್ಸೋ ಮುಂಚೆ ಇದನ್ನ ಯೋಚಿಸಿ.

ಅಪಘಾತದಿಂದ ಆಗಿದ್ರೆ ಇದನ್ನ ಓದದೆ ಬಿಡ್ಬೇಡಿ

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಂತ ವರ್ಷಕ್ಕೆ 20 ರೂಪಾಯಿ ಬ್ಯಾಂಕ್ ಖಾತೆಯಿಂದ ಕಟ್ ಆಗತ್ತಲ್ಲ, ಅದು 18ರಿಂದ 70 ವಯಸ್ಸಿನೋರಿಗೆ. ಅಪಘಾತದಲ್ಲಿ ಎರಡೂ ಕಣ್ಣು, ಅಥವಾ ಎರಡೂ ಕೈ ಇಲ್ಲಾ ಎರಡೂ ಕಾಲಿನ ಶಕ್ತಿ ಶಾಶ್ವತವಾಗಿ ಹೋದ್ರೆ 2 ಲಕ್ಷ, ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲಾದ್ರೆ 1 ಲಕ್ಷ. ಸತ್ತರೆ ಮಾತ್ರ ಬರತ್ತೆ ಅಂತ ಅಂದ್ಕೊಂಡಿರೋರೇ ಜಾಸ್ತಿ. ಪಾಸ್‌ಬುಕ್ ಎಂಟ್ರಿ ಹಾಕ್ಸಿ, ಮೇ ಜೂನ್ ಹೊತ್ತಿಗೆ 20 ರೂಪಾಯಿ ಹೋಗಿದ್ಯಾ ನೋಡಿ, ಹೋಗಿದ್ರೆ ಬ್ಯಾಂಕಿಗೆ ತಕ್ಷಣ ಬರೆದು ತಿಳಿಸಿ ಕ್ಲೇಮ್ ಫಾರಂ ತಗೊಳ್ಳಿ, ತಡ ಮಾಡಿದಷ್ಟೂ ಕಷ್ಟ.

ಕಟ್ಟಡ ಕೆಲಸಕ್ಕೆ ಹೋಗ್ತಿದ್ದು ಮೇಲಿಂದ ಬಿದ್ದೋರು, ಕಾರ್ಮಿಕ ಕಾರ್ಡ್ ಚಾಲ್ತೀಲಿ ಇದ್ರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ದುರ್ಬಲತೆ ಪಿಂಚಣಿ ಮತ್ತೆ ಅಂಗವಿಕಲತೆ ಪ್ರಮಾಣ ನೋಡ್ಕೊಂಡು 2 ಲಕ್ಷದ ತನಕ ಅನುಗ್ರಹ ರಾಶಿ ಇದೆ, ತಾಲೂಕು ಕಾರ್ಮಿಕ ನಿರೀಕ್ಷಕರ ಆಫೀಸಿಗೆ ಹೋಗಿ. ಇಎಸ್‌ಐ ಇರೋ ಕಂಪ್ನಿ ಆದ್ರೆ ಕೆಲಸದಲ್ಲಾದ ಶಾಶ್ವತ ಅಂಗವಿಕಲತೆಗೆ ತಿಂಗಳು ತಿಂಗಳು ಹಣ ಬರತ್ತೆ.

ರಸ್ತೆ ಅಪಘಾತ ಆದ್ರೆ ಮೋಟಾರು ಅಪಘಾತ ಪರಿಹಾರದ ಕೇಸನ್ನ ಆರು ತಿಂಗಳ ಒಳಗೇ ಹಾಕಿ. ಸಾಮಾನ್ಯವಾಗಿ ವಕೀಲರು ಆಸ್ಪತ್ರೆ ಬಿಲ್ಲು, ಹೋದ ಸಂಬಳ, ನೋವಿಗೆ ಇಷ್ಟು ಅಂತ ಬರೀತಾರೆ. ನೀವು ಕೂತು ಹೇಳ್ಬೇಕು, ಮನೆಗೆ ರ‍್ಯಾಂಪ್, ಬಚ್ಚಲು ಬದಲಾವಣೆ, ನೋಡ್ಕೊಳ್ಳೋರ ಖರ್ಚು ಇದನ್ನೂ ಸೇರ್ಸಿ ಅಂತ, ಥೆರಪಿಸ್ಟ್ ಲೆಟರ್, ಕೊಟೇಶನ್, ಖರ್ಚಾಗಿದ್ರೆ ಜಿಎಸ್‌ಟಿ ಬಿಲ್ ಎಲ್ಲಾ ಕೊಡಿ. ಬಿಲ್ ಇಲ್ದೆ ಬರೀ ಬಾಯಿ ಮಾತಲ್ಲಿ ಕೋರ್ಟ್ ಮುಂದೆ ಏನೂ ನಿಲ್ಲಲ್ಲ, ಅದಕ್ಕೆ ಮೇಸ್ತ್ರಿಗೆ ಕೊಟ್ಟ ಕೂಲಿಗೂ ಚೀಟಿ ಬರೆಸಿ ಸಹಿ ತಗೊಳ್ಳಿ.

ಸಂಬಳದೋರಿಗೆ ಇರೋ ದಾರಿ

ಪಿಎಫ್ ಇದ್ರೆ ಎರಡು ರೀತಿ ಬಳಸ್ಬೋದು. ಮನೆ ಬದಲಾವಣೆ, ರಿಪೇರಿಗೆ ಅಡ್ವಾನ್ಸ್ ತೆಗೆಯೋದು ಒಂದು, ಪಿಎಫ್ ಖಾತೆ ಇರೋರೇ ವಿಕಲಚೇತನರಾಗಿದ್ರೆ ತೊಂದರೆ ಕಮ್ಮಿ ಮಾಡೋ ಸಲಕರಣೆ ತಗೊಳ್ಳೋಕೆ 68ಎನ್ ಅನ್ನೋ ನಿಯಮದಲ್ಲಿ ಅಡ್ವಾನ್ಸ್ ಇನ್ನೊಂದು. ಇದು ಸಾಲ ಅಲ್ಲ, ವಾಪಸ್ ಕಟ್ಟಂಗಿಲ್ಲ. 2025ರ ಅಕ್ಟೋಬರ್‌ನಲ್ಲಿ ಇಪಿಎಫ್‌ಒ ಮಂಡಳಿ 13 ತರದ ವಿತ್‌ಡ್ರಾವಲ್ ನಿಯಮಗಳನ್ನ ಮೂರು ಗುಂಪಿಗೆ ಇಳಿಸೋಕೆ ಒಪ್ಪಿದೆ, ಅದರಲ್ಲಿ ವಸತಿ ಅನ್ನೋದೂ ಒಂದು ಗುಂಪು, ಹಾಗಾಗಿ ಹಳೇ ಫಾರಂ ನೋಡ್ಕೊಂಡು ಕೂರದೆ ಪೋರ್ಟಲ್‌ನಲ್ಲಿ ಈಗ ತೋರಿಸೋ ಕಾರಣಗಳನ್ನ ನೋಡಿ ಆರಿಸಿ.

ಇನ್ಕಮ್ ಟ್ಯಾಕ್ಸ್ ಕಟ್ಟೋರು ಅವಲಂಬಿತ ವಿಕಲಚೇತನರಿಗೋಸ್ಕರ 80ಡಿಡಿ ಸೆಕ್ಷನ್ ಕೆಳಗೆ ತೆರಿಗೆ ಲೆಕ್ಕದ ಆದಾಯದಿಂದ 75,000 ಕಳೀಬೋದು, ಶೇ. 80 ಮತ್ತೆ ಮೇಲಿದ್ರೆ 1,25,000. ಖರ್ಚು ಎಷ್ಟೇ ಆಗಿದ್ರೂ ಮೊತ್ತ ಅಷ್ಟೇ. ಹಳೇ ಟ್ಯಾಕ್ಸ್ ರೆಜೀಮ್‌ನಲ್ಲಿ ಮಾತ್ರ ಇದು, 2026ರ ಏಪ್ರಿಲ್‌ನಿಂದ ಹೊಸ ಕಾಯ್ದೇಲಿ ಸೆಕ್ಷನ್ ನಂಬರ್ ಬದಲಾಗಿದೆ, ಆಡಿಟರ್‌ನ ಕೇಳ್ಕೊಳ್ಳಿ. ಉಳಿಯೋ ದುಡ್ಡು ಚಿಕ್ಕದೇನಲ್ಲ, ಒಂದು ವರ್ಷದ ಉಳಿತಾಯದಲ್ಲಿ ಬಚ್ಚಲಿನ ರಾಡು, ಟೈಲ್ಸ್ ಬರತ್ತೆ.

ಸಾಲ ಬೇಕೇ ಬೇಕು ಅಂದ್ರೆ ರಾಷ್ಟ್ರೀಯ ದಿವ್ಯಾಂಗಜನ ಹಣಕಾಸು ನಿಗಮದ ರಿಯಾಯ್ತಿ ಬಡ್ಡಿ ಸಾಲ ಇದೆ, 50 ಲಕ್ಷದ ತನಕ. ಅದು ಮುಖ್ಯವಾಗಿ ಸ್ವಂತ ಉದ್ಯೋಗಕ್ಕೆ. ಹಾಗಾಗಿ ಮನೇಲೇ ಟೈಲರಿಂಗ್, ಜೆರಾಕ್ಸ್ ಅಂಗಡಿ ಇಡ್ತೀನಿ ಅನ್ನೋರು ಆ ಅಂಗಡಿಗೆ ಬೇಕಾದ ರ‍್ಯಾಂಪು, ಅಗಲ ಬಾಗಿಲು ಇದನ್ನ ಪ್ರಾಜೆಕ್ಟ್ ರಿಪೋರ್ಟ್‌ನಲ್ಲೇ ಸೇರಿಸಿ. ಬರೀ ಬಚ್ಚಲಿಗೋಸ್ಕರ ಮೈಕ್ರೋ ಫೈನಾನ್ಸ್ ಸಾಲಕ್ಕೆ ಮಾತ್ರ ದಯವಿಟ್ಟು ಕೈ ಹಾಕ್ಬೇಡಿ, ಆ ವಾರದ ಕಂತು ಇನ್ನೊಂದು ಕಷ್ಟ ತಂದಿಡತ್ತೆ.

ಬಾಡಿಗೆ ಮನೆ, ಅಪಾರ್ಟ್‌ಮೆಂಟ್

ಬಾಡಿಗೆ ಮನೆಗೆ ಪಂಚಾಯಿತಿ ಹಣ ಬರೋದು ಕಷ್ಟ, ಖಾತೆ ನಿಮ್ಮ ಹೆಸರಲ್ಲಿ ಇರಲ್ವಲ್ಲ. ಅಲ್ಲಿ ಬಿಚ್ಚಿ ತಗೊಂಡು ಹೋಗೋ ಅಂಥದ್ದೇ ಮಾಡಿ, ಕಬ್ಬಿಣದ ಅಥವಾ ಅಲ್ಯೂಮಿನಿಯಂ ಮಡಚೋ ರ‍್ಯಾಂಪು, ಕಮೋಡ್ ಚೇರು. ರಾಡ್ ಹಾಕ್ಸೋಕೆ ಓನರ್ ಹತ್ರ ಅಗ್ರಿಮೆಂಟ್‌ನಲ್ಲೇ ಒಂದು ಸಾಲು ಬರೆಸಿ, ಖಾಲಿ ಮಾಡುವಾಗ ಗೋಡೆ ಸರಿ ಮಾಡಿ ಕೊಡ್ತೀವಿ ಅಂತ, ಆಮೇಲೆ ಅಡ್ವಾನ್ಸ್ ಹಿಡ್ಕೊಳ್ಳೋ ಜಗಳ ಇರಲ್ಲ. ಅಪಾರ್ಟ್‌ಮೆಂಟಲ್ಲಿ ಮೆಟ್ಟಿಲು, ಲಿಫ್ಟ್ ಮುಂದಿನ ಜಾಗ ಎಲ್ಲಾ ಕಾಮನ್ ಏರಿಯಾ, ಅಸೋಸಿಯೇಷನ್‌ಗೆ ಬರೆದು ಕೊಡಿ, ಅದರ ಖರ್ಚು ಮೇಂಟೆನೆನ್ಸ್ ಫಂಡ್‌ನಿಂದ ಹಾಕಿ ಅಂತ ಜನರಲ್ ಬಾಡಿ ಮೀಟಿಂಗಲ್ಲಿ ವಿಷಯ ಇಡ್ಸಿ.

ಇಷ್ಟೆಲ್ಲ ಆಗಿಯೂ ಕಮ್ಮಿ ಬಿದ್ರೆ ಊರಿನ ರೋಟರಿ, ಲಯನ್ಸ್, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಹತ್ತಿರದ ಫ್ಯಾಕ್ಟರಿಯ ಸಿಎಸ್‌ಆರ್ (ಸಮಾಜಸೇವೆಗೆ ಹಣ ಕೊಡೋ) ವಿಭಾಗ ಇವರನ್ನ ಕೇಳಿ. ಕೇಳುವಾಗ ಪೂರ್ತಿ ಮೊತ್ತ ಕೇಳ್ಬೇಡಿ, "ಒಟ್ಟು ಇಷ್ಟು, ಪಂಚಾಯಿತಿ ಇಷ್ಟು ಕೊಟ್ಟಿದೆ, ನಮ್ಮದು ಇಷ್ಟು, ಕಮ್ಮಿ ಇರೋದು ಇಷ್ಟೇ" ಅಂತ ಒಂದು ಹಾಳೇಲಿ ತೋರ್ಸಿ. ಸಾಮಾನನ್ನೇ ಕೊಡ್ಸಿ ಅಂದ್ರೆ ಇನ್ನೂ ಬೇಗ ಒಪ್ತಾರೆ. ಯಾರಾದ್ರೂ "ಸರ್ಕಾರದಿಂದ ಮಾಡ್ಸಿ ಕೊಡ್ತೀನಿ, ಮೊದಲು ಇಷ್ಟು ಫೀಸ್ ಕೊಡಿ" ಅಂದ್ರೆ ಕೊಡ್ಬೇಡಿ.

ಕೊಡಲ್ಲ ಅಂದ್ರೆ

ಬಾಯಲ್ಲಿ ಆಗಲ್ಲ ಅಂದ್ರೆ ಸುಮ್ನೆ ವಾಪಸ್ ಬರ್ಬೇಡಿ, ಹಿಂಬರಹ ಕೊಡಿ ಅಂತ ಕೇಳಿ. ಯಾಕೆ ಆಗಲ್ಲ ಅಂತ ಬರೆದು ಸಹಿ ಹಾಕಿ ಕೊಡ್ಬೇಕು ಅಂದಾಗ ಎಷ್ಟೋ ಸಲ ಅರ್ಜಿ ತಾನಾಗೇ ಮುಂದೆ ಹೋಗತ್ತೆ. ಹಿಂಬರಹಾನೂ ಕೊಡ್ಲಿಲ್ಲ ಅಂದ್ರೆ ಆರ್‌ಟಿಐ ಹಾಕಿ, 10 ರೂಪಾಯಿ ಶುಲ್ಕ, ಬಿಪಿಎಲ್‌ನೋರಿಗೆ ಅದೂ ಇಲ್ಲ. ಕೇಳಬೇಕಾದ್ದು ಎರಡೇ: ಕಳೆದ ಮೂರು ವರ್ಷದಲ್ಲಿ ಶೇ. 5ರ ಖಾತೇಲಿ ಎಷ್ಟು ಹಣ ತೆಗೆದಿಟ್ರಿ, ಅದನ್ನ ಯಾವ ಕೆಲಸಕ್ಕೆ ಯಾರಿಗೆ ಖರ್ಚು ಮಾಡಿದ್ರಿ. 30 ದಿನದಲ್ಲಿ ಉತ್ತರ ಕೊಡ್ಬೇಕು. ಆ ಉತ್ತರ ಹಿಡ್ಕೊಂಡು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಮತ್ತೆ ತಾಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ) ಅರ್ಜಿ ಕೊಡಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಬೆಂಗಳೂರಿನ ರಾಜ್ಯ ವಿಕಲಚೇತನರ ಹಕ್ಕುಗಳ ಆಯುಕ್ತರಿಗೆ. ಇವರಿಗೆ ವಿಚಾರಣೆ ವಿಷಯದಲ್ಲಿ ಸಿವಿಲ್ ಕೋರ್ಟಿನ ಕೆಲವು ಅಧಿಕಾರ ಇದೆ, ಅಧಿಕಾರಿಗಳನ್ನ ಕರೆಸಿ ದಾಖಲೆ ಕೇಳ್ಬೋದು. ವಕೀಲರು ಬೇಡ, ಬಿಳಿ ಹಾಳೇಲಿ ಕನ್ನಡದಲ್ಲೇ ಬರೆದು, ಸ್ವೀಕೃತಿ ಇರೋ ಹಳೇ ಅರ್ಜಿ ಜೆರಾಕ್ಸ್ ಲಗತ್ತಿಸಿ ಪೋಸ್ಟ್ ಮಾಡಿದ್ರೆ ಸಾಕು.

ಕೆಲಸ ಶುರು ಆದ ಮೇಲೆ ದಿನಾ ನಿಂತು ನೋಡಿ, ರಾಡ್ ಎತ್ತರ ಗೋಡೆ ಮೇಲೆ ಪೆನ್ಸಿಲಲ್ಲಿ ಗುರುತು ಮಾಡೋ ಮುಂಚೆ ಬಳಸೋರನ್ನೇ ಕಮೋಡ್ ಮೇಲೆ ಕೂರಿಸಿ ಕೈ ಎಲ್ಲಿಗೆ ಹೋಗತ್ತೆ ನೋಡಿ. ರ‍್ಯಾಂಪಿನ ಕಾಂಕ್ರೀಟ್ ಹಸಿ ಇರುವಾಗಲೇ ಪೊರಕೇಲಿ ಗೀರಿ ತರಿ ಮಾಡ್ಸಿ, ಮಳೇಲಿ ಜಾರಲ್ಲ. ಕೊನೇ ಬಿಲ್ಲಿಗೆ ಸಹಿ ಹಾಕೋಕೆ ಮುಂಚೆ ವೀಲ್‌ಚೇರಲ್ಲಿ ರಸ್ತೆಯಿಂದ ಬಚ್ಚಲ ತನಕ ಒಂದು ಸಲ ಹೋಗಿ ಬರ್ಲಿ, ಎಲ್ಲಾದ್ರೂ ತಡೆದ್ರೆ ಅದನ್ನ ಸರಿ ಮಾಡ್ಸಿ ಆಮೇಲೆ ಸಹಿ ಹಾಕಿ.